ಸಮೀಕರಣ ಸರಿ, ಉತ್ಪನ್ನದ ತೂಕ ಮಾತ್ರ ತಪ್ಪು: ಎಡವೋದು ಎಲ್ಲಿ?

ಪಿಯು_ಕೆಮಿಸ್ಟ್ರಿ

ಫಸ್ಟ್ ಪಿಯುಸಿಗೆ ಕೊಡೋ ಮಾಮೂಲಿ ಲೆಕ್ಕ. 24.5 ಗ್ರಾಂ ಪೊಟ್ಯಾಸಿಯಂ ಕ್ಲೋರೇಟನ್ನು ಪೂರ್ತಿ ವಿಭಜನೆ ಆಗೋ ತನಕ ಕಾಯಿಸಿದರೆ ಎಷ್ಟು ಗ್ರಾಂ ಆಕ್ಸಿಜನ್ ಬರುತ್ತೆ?

2 ಪೊಟ್ಯಾಸಿಯಂ ಕ್ಲೋರೇಟ್ → 2 ಪೊಟ್ಯಾಸಿಯಂ ಕ್ಲೋರೈಡ್ + 3 ಆಕ್ಸಿಜನ್

(ಸೂತ್ರ ಟೈಪ್ ಮಾಡಿದರೆ ಮೊಬೈಲಲ್ಲಿ ಕೆಳಗಿನ ಅಂಕಿಗಳೆಲ್ಲ ಸಾಲಿಗೆ ಬಂದು ಕೂತು ಗೊಂದಲ ಆಗುತ್ತೆ. ಇಲ್ಲಿ ಹೆಸರಲ್ಲೇ ಬರೆಯೋಣ.)

ಸಮೀಕರಣವನ್ನು ಎಲ್ಲರೂ ಸರಿದೂಗಿಸುತ್ತಾರೆ. ಉತ್ತರ ಮಾತ್ರ ಮೂರು ಥರ ಬರುತ್ತೆ: 9.6, 14.4, 4.8. ಸರಿಯಾದ್ದು 9.6. ಉಳಿದೆರಡು ಯಾವ ಹೆಜ್ಜೆಯಲ್ಲಿ ಹುಟ್ಟುತ್ತವೆ? ಮಕ್ಕಳು ತಾವೇ ತಪ್ಪು ಹಿಡಿಯೋ ಹಾಗೆ ಹೇಳಿಕೊಡೋ ದಾರಿ ಇದ್ದರೆ ತಿಳಿಸಿ.

ಮೋಲ್ ಮೇಷ್ಟ್ರು

ಎರಡೂ ಒಂದೇ ತಪ್ಪಿನ ಮಕ್ಕಳು. ಸಮೀಕರಣದಲ್ಲಿ ಮುಂದಿರೋ ಅಂಕಿಯನ್ನು ಎರಡು ಸಲ ಲೆಕ್ಕಕ್ಕೆ ತಗೊಂಡಿದ್ದಾರೆ.

ಕ್ಲೋರೇಟಿನ ಮೋಲಾರ್ ರಾಶಿ (ಒಂದು ಮೋಲ್, ಅಂದರೆ ಕಣಗಳ ಒಂದು ನಿಗದಿತ ಎಣಿಕೆ, ಎಷ್ಟು ಗ್ರಾಂ ತೂಗುತ್ತೆ ಅನ್ನೋದು) 39 + 35.5 + 48 = 122.5. ಇದು ಆ ವಸ್ತುವಿಗೆ ಅಂಟಿಕೊಂಡ ಸಂಖ್ಯೆ. ಸಮೀಕರಣದಲ್ಲಿ ಅದರ ಮುಂದೆ 2 ಇರಲಿ, 20 ಇರಲಿ, ಬದಲಾಗಲ್ಲ. "2 ಕ್ಲೋರೇಟ್" ಅಂತ ಕಂಡ ಕೂಡಲೇ 245 ಮಾಡಿಕೊಂಡು 24.5 ÷ 245 = 0.1 ಮೋಲ್ ಅಂತ ಬರೆಯುತ್ತಾರೆ. ಆಮೇಲೆ ಅನುಪಾತ ಅಂತ ಮತ್ತೆ 3/2ರಿಂದ ಗುಣಿಸಿ 0.15 ಮಾಡುತ್ತಾರೆ. ಅದನ್ನು ಆಕ್ಸಿಜನ್ನಿನ ಮೋಲಾರ್ ರಾಶಿ 32ರಿಂದ ಗುಣಿಸಿದವರಿಗೆ 4.8. "3 ಆಕ್ಸಿಜನ್ ಅಲ್ವಾ" ಅಂತ 96ರಿಂದ ಗುಣಿಸಿದವರಿಗೆ 14.4.

ಸರಿಯಾದ ದಾರಿ:
24.5 ÷ 122.5 = 0.2 ಮೋಲ್ ಕ್ಲೋರೇಟ್
0.2 × 3/2 = 0.3 ಮೋಲ್ ಆಕ್ಸಿಜನ್
0.3 × 32 = 9.6 ಗ್ರಾಂ

ಮುಂದಿನ ಅಂಕಿಗೆ ಇರೋ ಜಾಗ ನಡುವಿನ ಸಾಲು ಒಂದೇ. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಅದು ಕಾಲಿಡಬಾರದು.

ತಾವೇ ತಪ್ಪು ಹಿಡಿಯೋಕೆ ಇನ್ನೊಂದು ಉತ್ಪನ್ನದ ತೂಕವನ್ನೂ ತೆಗೆಸಿ. ಕ್ಲೋರೈಡ್ 0.2 × 74.5 = 14.9 ಗ್ರಾಂ. 14.9 + 9.6 = 24.5, ಹಾಕಿದ್ದೆಲ್ಲ ವಾಪಸ್ ಬಂತು. 14.4 ಬಂದವರಿಗೆ ಮೊತ್ತ 29.3, ಪ್ರನಾಳದಲ್ಲಿ ಇಲ್ಲದ ದ್ರವ್ಯ ಎಲ್ಲಿಂದ ಬಂತು? 4.8 ಬಂದವರಿಗೆ 19.7, ಮಿಕ್ಕಿದ್ದು ಎಲ್ಲಿ ಹೋಯ್ತು? ಅರ್ಧ ನಿಮಿಷದ ಕೆಲಸ.

ಗಣಿತದ ಕಡೆಯವ

ಇಷ್ಟಕ್ಕೆ ಮೋಲ್ ಯಾಕೆ ಬೇಕು? ತ್ರೈರಾಶಿ ಸಾಕಲ್ಲ. 245 ಗ್ರಾಂ ಕ್ಲೋರೇಟಿಗೆ 96 ಗ್ರಾಂ ಆಕ್ಸಿಜನ್ ಆದರೆ 24.5ಕ್ಕೆ ಎಷ್ಟು? 9.6. ಇಲ್ಲಿ ಮುಂದಿನ ಅಂಕಿಯನ್ನು ಎರಡೂ ಕಡೆ ಗುಣಿಸಲೇಬೇಕು, ಅದೂ ಒಂದೇ ಸಲ. ಮಕ್ಕಳು ಅರ್ಧ ತ್ರೈರಾಶಿ, ಅರ್ಧ ಮೋಲ್ ವಿಧಾನ ಬೆರೆಸೋದರಿಂದಲೇ 14.4 ಹುಟ್ಟೋದು.

ಮೋಲ್ ಮೇಷ್ಟ್ರು

ಹೌದು, ಬೆರೆಸೋದೇ ರೋಗ. ಒಂದೇ ಪ್ರತಿವರ್ತಕದ ತೂಕ ಕೊಟ್ಟಿರೋವರೆಗೆ ತ್ರೈರಾಶಿ ಚೆನ್ನಾಗಿಯೇ ನಡೆಯುತ್ತೆ. ಎರಡರ ತೂಕವೂ ಕೊಟ್ಟರೆ ಯಾವುದನ್ನು ಹಿಡಿದು ತ್ರೈರಾಶಿ ಹಾಕ್ತೀರಿ ಅನ್ನೋದೇ ಪ್ರಶ್ನೆ. ಅಲ್ಲಿ ಮೋಲ್ ಹಿಡಿಯೋದೇ ಸಲೀಸು.

ಹಳದಿ ಪ್ರಕ್ಷೇಪ

ಲಿಮಿಟಿಂಗ್ ರಿಯೇಜೆಂಟ್, ಅಂದರೆ ಮೊದಲು ಮುಗಿಯೋ ಪ್ರತಿವರ್ತಕದ ಮಾತು ಬಂತಲ್ಲ, ಹತ್ತನೇ ಕ್ಲಾಸಿನಿಂದ ಎಲ್ಲರಿಗೂ ಗೊತ್ತಿರೋ ಲೆಡ್ ಅಯೊಡೈಡ್ ತಗೊಳ್ಳೋಣ.

1 ಲೆಡ್ ನೈಟ್ರೇಟ್ + 2 ಪೊಟ್ಯಾಸಿಯಂ ಅಯೊಡೈಡ್ → 1 ಲೆಡ್ ಅಯೊಡೈಡ್ + 2 ಪೊಟ್ಯಾಸಿಯಂ ನೈಟ್ರೇಟ್

ಮೋಲಾರ್ ರಾಶಿ ಕ್ರಮವಾಗಿ 331.2, 166.0, 461.0, 101.1. ಹಾಕಿದ್ದು 3.312 ಗ್ರಾಂ ಲೆಡ್ ನೈಟ್ರೇಟ್, 2.49 ಗ್ರಾಂ ಪೊಟ್ಯಾಸಿಯಂ ಅಯೊಡೈಡ್. ಅಂದರೆ 0.010 ಮೋಲ್ ಮತ್ತು 0.015 ಮೋಲ್.

"ಯಾವುದರ ಮೋಲ್ ಕಮ್ಮಿಯೋ ಅದೇ ಮೊದಲು ಮುಗಿಯುತ್ತೆ" ಅಂತ ಓಡಿದವರು ಲೆಡ್ ನೈಟ್ರೇಟ್ ಹಿಡಿದು 4.61 ಗ್ರಾಂ ಅಂತಾರೆ. ತಪ್ಪು. 0.010 ಮೋಲ್ ಲೆಡ್ ನೈಟ್ರೇಟಿಗೆ 0.020 ಮೋಲ್ ಅಯೊಡೈಡ್ ಬೇಕು, ಇರೋದು 0.015. ಮೊದಲು ಮುಗಿಯೋದು ಪೊಟ್ಯಾಸಿಯಂ ಅಯೊಡೈಡ್. ಮೋಲ್ ಸಂಖ್ಯೆಯನ್ನು ಅದರದರ ಮುಂದಿನ ಅಂಕಿಯಿಂದ ಭಾಗಿಸಿ ಆಮೇಲೆ ಹೋಲಿಸಬೇಕು: 0.010 ÷ 1 = 0.010, 0.015 ÷ 2 = 0.0075. ಚಿಕ್ಕದು 0.0075, ಆದ್ದರಿಂದ ಲೆಡ್ ಅಯೊಡೈಡ್ 0.0075 × 461 = 3.46 ಗ್ರಾಂ.

ತಾಳೆ ನೋಡೋಣ. ಉಳಿದ ಲೆಡ್ ನೈಟ್ರೇಟ್ 0.0025 ಮೋಲ್, ಅಂದರೆ 0.828 ಗ್ರಾಂ. ಪೊಟ್ಯಾಸಿಯಂ ನೈಟ್ರೇಟ್ 0.015 ಮೋಲ್, 1.517 ಗ್ರಾಂ. ಮೂರೂ ಕೂಡಿದರೆ 5.80. ಹಾಕಿದ್ದೂ 5.80.

ಗಣಿತದ ಕಡೆಯವ

ಗ್ರಾಂಗಳನ್ನೇ ಹೋಲಿಸಿದ್ದರೂ ಇಲ್ಲಿ ಸರಿ ಉತ್ತರ ಬರ್ತಿತ್ತಲ್ಲ? 2.49 ಕಮ್ಮಿ, ಅದೇ ಮುಗಿಯಿತು.

ಹಳದಿ ಪ್ರಕ್ಷೇಪ

ಸರಿಯಾದ ಕಡೆಗೇ ಕಣ್ಣು ಹಾಕಿದಿರಿ. ಈ ಉದಾಹರಣೆಯಲ್ಲಿರೋ ಗುಂಡಿ ಅದೇ. 331.2 ಗ್ರಾಂ ಲೆಡ್ ನೈಟ್ರೇಟಿಗೆ ಬೇಕಾದ ಪೊಟ್ಯಾಸಿಯಂ ಅಯೊಡೈಡ್ 2 × 166 = 332 ಗ್ರಾಂ. ಹೆಚ್ಚು ಕಮ್ಮಿ ಸಮ ತೂಕ! ಹಾಗಾಗಿ ಗ್ರಾಂ ಹೋಲಿಸಿದವರಿಗೂ ಪ್ರತಿ ಸಲ ಸರಿ ಉತ್ತರ ಬಂದು, ತಪ್ಪು ಪದ್ಧತಿ ಗಟ್ಟಿಯಾಗಿ ಕೂತುಬಿಡುತ್ತೆ. ಲಿಮಿಟಿಂಗ್ ರಿಯೇಜೆಂಟ್ ಕಲಿಸೋಕೆ ಇದೊಂದೇ ಉದಾಹರಣೆ ಕೊಡಬೇಡಿ.

ಪಕ್ಕದಲ್ಲೇ ಅಮೋನಿಯಾ ಇಡಿ (1 ನೈಟ್ರೋಜನ್ + 3 ಹೈಡ್ರೋಜನ್ → 2 ಅಮೋನಿಯಾ). 56 ಗ್ರಾಂ ನೈಟ್ರೋಜನ್, 15 ಗ್ರಾಂ ಹೈಡ್ರೋಜನ್. ಗ್ರಾಂ ನೋಡಿದರೆ ಹೈಡ್ರೋಜನ್ ಕಮ್ಮಿ. ಆದರೆ ನೈಟ್ರೋಜನ್ 2 ಮೋಲ್, ಅದಕ್ಕೆ ಬೇಕಾದ ಹೈಡ್ರೋಜನ್ 6 ಮೋಲ್, ಇರೋದು 7.5. ಮುಗಿಯೋದು ನೈಟ್ರೋಜನ್. ಅಮೋನಿಯಾ 4 × 17 = 68 ಗ್ರಾಂ, ಉಳಿಯೋ ಹೈಡ್ರೋಜನ್ 3 ಗ್ರಾಂ. 68 + 3 = 71.

ಲ್ಯಾಬ್ ಅಟೆಂಡರ್

ಕಾಗದದ ಮೇಲೆ 3.46 ಸರಿ. ತಕ್ಕಡಿ ಮೇಲೆ ಅಷ್ಟು ಬರಲ್ಲ. ಲೆಡ್ ಅಯೊಡೈಡ್ ಕೋಣೆಯ ಉಷ್ಣತೆಯಲ್ಲಿ 100 ಮಿಲೀ ನೀರಿಗೆ ಸುಮಾರು 0.08 ಗ್ರಾಂ ಕರಗುತ್ತೆ, ಕುದಿಯೋ ನೀರಲ್ಲಿ ಸುಮಾರು 0.4 ಗ್ರಾಂ. ಪ್ರಕ್ಷೇಪ "ಚೊಕ್ಕ ಆಗಲಿ" ಅಂತ ಫಿಲ್ಟರ್ ಪೇಪರ್ ಮೇಲೆ 100 ಮಿಲೀ ಬಿಸಿನೀರು ಸುರಿದರೆ ನೂರಕ್ಕೆ ಹನ್ನೆರಡು ಪಾಲಿನವರೆಗೂ ಕೆಳಗಿಳಿದು ಹೋಗಬಹುದು. ಕೆಳಗಿನ ಬೀಕರ್ ತಣ್ಣಗಾದ ಮೇಲೆ ಅದರಲ್ಲಿ ಚಿನ್ನದ ಬಣ್ಣದ ಹಾಳೆ ಹಾಳೆ ಹರಳು ಕಂಡರೆ ನಿಮ್ಮ ಇಳುವರಿ ಅಲ್ಲಿದೆ ಅಂತ ತಿಳ್ಕೊಳ್ಳಿ. ಐಸ್ ನೀರು, 5 ಮಿಲೀ, ಎರಡು ಸಲ ಸಾಕು.

ಇನ್ನೊಂದು. "ಲೆಡ್ ಎಲ್ಲಾ ಇಳೀಲಿ" ಅಂತ ಪೊಟ್ಯಾಸಿಯಂ ಅಯೊಡೈಡನ್ನು ಧಾರಾಳವಾಗಿ ಸುರಿದರೆ ಹಳದಿ ಮತ್ತೆ ಕರಗೋಕೆ ಶುರು ಆಗುತ್ತೆ, ಸಂಕೀರ್ಣ ಅಯಾನು ಆಗಿಬಿಡುತ್ತೆ. ಮತ್ತೆ ಇದು ಸೀಸ. ಸಿಂಕಿಗೆ ಸುರಿಯೋ ಹಾಗಿಲ್ಲ, ಬೇರೆ ಬಾಟಲಿಗೆ ತುಂಬಿ ಲೇಬಲ್ ಹಚ್ಚಿಡಿ.

ಮೇಲಿನ ಕ್ಲೋರೇಟ್ ಲೆಕ್ಕಕ್ಕೂ ಒಂದು ಮಾತು. ವೇಗವರ್ಧಕ ಅಂತ ಹಾಕೋ ಮ್ಯಾಂಗನೀಸ್ ಡೈಆಕ್ಸೈಡ್ ಹಾಗೇ ಉಳಿಯುತ್ತೆ. 5 ಗ್ರಾಂ ಹಾಕಿದ್ದರೆ ಪ್ರನಾಳದಲ್ಲಿ ಕೊನೆಗೆ ಉಳಿಯೋದು 14.9 ಅಲ್ಲ, 19.9. ಆ ಕಪ್ಪು ಪುಡಿಯಲ್ಲಿ ಇದ್ದಿಲು, ಕಾಗದದ ಚೂರು, ಗಂಧಕ ಏನೂ ಬೆರೆತಿರಬಾರದು. ಬೆರೆತಿದ್ದರೆ ಸ್ಫೋಟ.

ಕಲ್ಲು_ಕಲಬುರಗಿ

ಪರೀಕ್ಷೇದಾಗ ಬರೋ ಇನ್ನೊಂದು ಗುಂಡಿ ಶುದ್ಧತೆ. 25 ಗ್ರಾಂ ಸುಣ್ಣದಕಲ್ಲು, 80% ಶುದ್ಧ, ಉಳಿದದ್ದು ಸಿಲಿಕಾ, ಪೂರ್ತಿ ಸುಟ್ಟರ ಸುಟ್ಟ ಸುಣ್ಣ ಎಷ್ಟು?

ಕ್ಯಾಲ್ಸಿಯಂ ಕಾರ್ಬೋನೇಟ್ → ಕ್ಯಾಲ್ಸಿಯಂ ಆಕ್ಸೈಡ್ + ಕಾರ್ಬನ್ ಡೈಆಕ್ಸೈಡ್
100 → 56 + 44

80% ಮರೆತವರಿಗೆ 14 ಗ್ರಾಂ. ನೆನಪಿಟ್ಟವರಿಗೆ 20 ಗ್ರಾಂ ಕಾರ್ಬೋನೇಟ್, 11.2 ಗ್ರಾಂ ಸುಣ್ಣ. ಇಲ್ಲೀತನಕ ಎಲ್ಲರಿಗೂ ಗೊತ್ತು. ಈಗ ಪ್ರಶ್ನೆ ಒಂಚೂರು ತಿರುಗಸ್ರಿ: "ಮೂಸೆಯೊಳಗ ಉಳಿಯೋ ಘನದ ತೂಕ ಎಷ್ಟು?" 11.2 ಅಲ್ರಿ. ಸುಡದ 5 ಗ್ರಾಂ ಸಿಲಿಕಾ ಎಲ್ಲಿಗೂ ಹೋಗಿಲ್ಲ. 11.2 + 5 = 16.2. ಹಾರಿ ಹೋದದ್ದು 8.8 ಗ್ರಾಂ ಅನಿಲ ಅಷ್ಟ. ಹಾಸುಗಲ್ಲು ಅಂತ ಮನಿಗೆ ಹಾಕೋ ನಮ್ಮ ಶಹಾಬಾದ್ ಫರಸಿನೂ ಸುಣ್ಣದಕಲ್ಲೇ. ಮಣ್ಣು, ಸಿಲಿಕಾ ಬೆರಿತಿರ್ತದ. 100ಕ್ಕ 56 ಅಂತ ನೆಲದ ಕಲ್ಲಿನ ಮ್ಯಾಲೆ ಹಾಕಿದ್ರ ಲೆಕ್ಕ ಕೈ ಕೊಡ್ತದ.

ಪ್ರಯೋಗ ಮಾಡೋರಿಗೆ: ಈ ವಿಭಜನೆ ಜೋರಾಗಿ ನಡಿಯಾಕ ಸುಮಾರು 900 ಡಿಗ್ರಿ ಬೇಕು. ಬರ್ನರ್ ಉರಿ ಮ್ಯಾಲೆ ದೊಡ್ಡ ಚೂರು ಇಟ್ಟರ ಹೊರಗ ಸುಣ್ಣ, ಒಳಗ ಕಲ್ಲು. ಪುಡಿ ಮಾಡಿ, ಕಾಯಿಸಿ, ತೇವ ಸೇರದ ಮುಚ್ಚಿದ ಪಾತ್ರೆ ಡೆಸಿಕೇಟರ್‌ನಾಗ ಆರಿಸಿ, ತೂಗಿ, ಮತ್ತ ಕಾಯಿಸಿ. ಎರಡು ತೂಕ ಒಂದೇ ಬರೋತನಕ ಹಿಂಗ ಮಾಡ್ರಿ. ಗಾಳಿಗೆ ಬಿಟ್ಟು ಆರಿಸಿದ್ರ ಸುಣ್ಣ ತೇವ ಕುಡಿತದ. 11.2 ಗ್ರಾಂ ಸುಣ್ಣ ಪೂರ್ತಿ ಅರಳಿದ್ರ 14.8 ಗ್ರಾಂ ಆಗ್ತದ. ತೂಕ ಏರಿದ್ದು ನೋಡಿ ಸಮೀಕರಣಾನೇ ತಪ್ಪು ಅನ್ನಬ್ಯಾಡ್ರಿ.

ಕ್ಲಿಂಕರ್

ಇದನ್ನೇ ಸಿಮೆಂಟ್ ಕಾರ್ಖಾನೆ ಲ್ಯಾಬಿನಲ್ಲಿ ಉಲ್ಟಾ ಓಡಿಸುತ್ತಾರೆ. ಸುಟ್ಟಾಗ ಕಳೆದ ತೂಕದಿಂದ ಕಾರ್ಬೋನೇಟ್ ಎಷ್ಟಿತ್ತು ಅಂತ ತೆಗೆಯೋದು. ಶುದ್ಧ ಕ್ಯಾಲ್ಸಿಯಂ ಕಾರ್ಬೋನೇಟ್ 44% ಕಳೆದುಕೊಳ್ಳುತ್ತೆ. ಆದರೆ ಮೆಗ್ನೀಸಿಯಂ ಕಾರ್ಬೋನೇಟ್ (84.3) ಅದೇ 44 ಗ್ರಾಂ ಅನಿಲ ಬಿಡೋದರಿಂದ ಕಳೆಯೋದು 52.2%. ಡಾಲೊಮೈಟ್ ಆದರೆ 47.7%. ಎಲ್ಲವನ್ನೂ ಕ್ಯಾಲ್ಸಿಯಂ ಅಂತಲೇ ತಿಳಿದು 47.7ನ್ನು 44ರಿಂದ ಭಾಗಿಸಿದರೆ ಶುದ್ಧತೆ 108%! ನೂರು ದಾಟಿತು ಅಂದರೆ ತಕ್ಕಡಿ ಬೈಯೋ ಮೊದಲು ಮೆಗ್ನೀಸಿಯಂ ನೋಡಿ, ಇಲ್ಲವೇ ತೇವ ನೋಡಿ. ಮಾದರಿಯನ್ನು ಮೊದಲು 105 ಡಿಗ್ರಿಯಲ್ಲಿ ಒಣಗಿಸಿಕೊಳ್ಳಲೇಬೇಕು.

ದೊಡ್ಡ ಪ್ರಮಾಣದಲ್ಲೂ ಅದೇ 56 : 44. ಒಂದು ಟನ್ ಕ್ಲಿಂಕರಿನಲ್ಲಿ (ಅರೆದು ಸಿಮೆಂಟ್ ಮಾಡೋ ಸುಟ್ಟ ಗಟ್ಟಿ) ಕ್ಯಾಲ್ಸಿಯಂ ಆಕ್ಸೈಡ್ ಸುಮಾರು 650 ಕೆಜಿ. ಅದಕ್ಕೆ ಬೇಕಾದ ಕಾರ್ಬೋನೇಟ್ 650 × 100/56 = 1161 ಕೆಜಿ, ಹಾರಿ ಹೋಗೋ ಕಾರ್ಬನ್ ಡೈಆಕ್ಸೈಡ್ 511 ಕೆಜಿ. ಇದು ಕಲ್ಲಿನಿಂದ ಬಂದದ್ದು ಮಾತ್ರ. ಗೂಡಿಗೆ ಹಾಕೋ ಕಲ್ಲಿದ್ದಲಿನ ಹೊಗೆ ಬೇರೆ ಲೆಕ್ಕ.

ಸಂಡೂರು ಸೀಮೆ

ಶೇಕಡಾ ವಿಷಯಕ್ಕೆ ಇನ್ನೊಂದು ಸೇರಿಸ್ತೀನಿ. ಯಾವುದರ ಶೇಕಡಾ ಅಂತ ಕೇಳದೆ ಲೆಕ್ಕಕ್ಕೆ ಕೂರಬಾರದು. ಅದಿರು "62%" ಅಂದರೆ ಬಳ್ಳಾರಿ, ಸಂಡೂರು ಕಡೆ ಅದು ಕಬ್ಬಿಣದ ಅಂಶ, ಕಬ್ಬಿಣದ ಆಕ್ಸೈಡಿನದ್ದಲ್ಲ. ಪಠ್ಯದ ಲೆಕ್ಕದಲ್ಲಿ ಮಾತ್ರ "62% ಹೆಮಟೈಟ್ ಇರುವ ಅದಿರು" ಅಂತ ಇರುತ್ತೆ. ಹೆಮಟೈಟ್ ಅಂದರೆ ಫೆರಿಕ್ ಆಕ್ಸೈಡ್.

1 ಫೆರಿಕ್ ಆಕ್ಸೈಡ್ + 3 ಕಾರ್ಬನ್ ಮಾನಾಕ್ಸೈಡ್ → 2 ಕಬ್ಬಿಣ + 3 ಕಾರ್ಬನ್ ಡೈಆಕ್ಸೈಡ್

159.7 ಕೆಜಿ ಆಕ್ಸೈಡಿಗೆ 111.7 ಕೆಜಿ ಕಬ್ಬಿಣ, ಅಂದರೆ 69.94%. ಒಂದು ಟನ್ ಒಣ ಅದಿರು, ಗಣಿಯವರ 62% ಆದರೆ ಕಬ್ಬಿಣ ನೇರವಾಗಿ 620 ಕೆಜಿ, ಸಮೀಕರಣವೇ ಬೇಡ. ಪಠ್ಯದ 62% ಆದರೆ 620 × 0.6994 = 434 ಕೆಜಿ. ಒಂದೇ ಸಂಖ್ಯೆ, 186 ಕೆಜಿ ವ್ಯತ್ಯಾಸ. ಹೆಮಟೈಟಿನಲ್ಲಿ ಕಬ್ಬಿಣ 69.94% ದಾಟೋಕೆ ಸಾಧ್ಯವೇ ಇಲ್ಲ. ಯಾರಾದರೂ 72% ಅಂದರೆ ಅದು ಮ್ಯಾಗ್ನೆಟೈಟ್ ಅನ್ನೋ ಬೇರೆ ಅದಿರು ಇರಬೇಕು, ಇಲ್ಲಾ ಸುಳ್ಳು.

ಗ್ರೇಡ್ ಹೇಳೋದು ಒಣ ತೂಕದ ಮೇಲೆ. ಲಾರಿ ತೂಗೋದು ಹಸಿ ಅದಿರನ್ನು. 7% ತೇವ ಇದ್ದರೆ ಆ ಟನ್ನಿನಲ್ಲಿ ಕಬ್ಬಿಣ 930 × 0.62 = 577 ಕೆಜಿ. ಊದುಕುಲುಮೆಯಿಂದ ಇಳಿಯೋ ಬೀಡುಕಬ್ಬಿಣ ಮತ್ತೆ ಶುದ್ಧ ಕಬ್ಬಿಣ ಅಲ್ಲ. ಸುಮಾರು 4% ಇಂಗಾಲ, ಜತೆಗೆ ಸಿಲಿಕಾನ್ ಇತ್ಯಾದಿ ಸೇರಿ ತೂಕ ಏರುತ್ತೆ.

ನೀಲಿ ಹರಳು

ಮೈಲುತುತ್ತದ್ದೂ (ತಾಮ್ರದ ಸಲ್ಫೇಟ್) ಇದೇ ಕಥೆ. ಬಾಟಲಿಯಲ್ಲಿರೋ ನೀಲಿ ಹರಳಿಗೆ ಐದು ನೀರು ಅಂಟಿರುತ್ತೆ. ಮೋಲಾರ್ ರಾಶಿ 249.7, 159.6 ಅಲ್ಲ. 5 ಗ್ರಾಂ ಹರಳು ಕರಗಿಸಿ ಸಾಕಷ್ಟು ಸತು ಹಾಕಿದರೆ ತಾಮ್ರ 1.27 ಗ್ರಾಂ. 159.6 ಹಿಡಿದರೆ 1.99 ಅಂತ ಬರುತ್ತೆ. ಬಾಟಲಿ ಲೇಬಲಿನಲ್ಲಿ ಮೋಲಾರ್ ರಾಶಿ ಅಚ್ಚಾಗಿಯೇ ಇರುತ್ತೆ. ಅದನ್ನು ಓದೋದು ಬಿಟ್ಟು ಪರಮಾಣು ರಾಶಿ ಕೂಡುತ್ತಾ ಕೂರುತ್ತಾರೆ.

ಪಿಯು_ಕೆಮಿಸ್ಟ್ರಿ

ಎಲ್ಲರಿಗೂ ಧನ್ಯವಾದ. ಅನಿಲದ ಗಾತ್ರ ಅಳೆದು ತೂಕ ತೆಗೆಯೋವಾಗ ಒಂದು ಮೋಲಿಗೆ 22.4 ಲೀಟರ್ ಹಿಡಿಯಬೇಕಾ, 22.7 ಹಿಡಿಯಬೇಕಾ? ಮಕ್ಕಳು ಜಗಳಕ್ಕೇ ಬೀಳ್ತಾರೆ.

ಅನಿಲ ನಿಯಮ

ಎರಡೂ 0 ಡಿಗ್ರಿಗೆ. ಒತ್ತಡ 1 ಅಟ್ಮಾಸ್ಫಿಯರ್ ಆದರೆ 22.4 ಲೀಟರ್, 1 ಬಾರ್ ಆದರೆ 22.7. ಪ್ರಶ್ನೆಯಲ್ಲಿ ಯಾವುದು ಕೊಟ್ಟಿದೆಯೋ ಅದು. ನಿಮ್ಮ 0.3 ಮೋಲ್ ಆಕ್ಸಿಜನ್ ಮೊದಲನೆಯದರಲ್ಲಿ 6.72 ಲೀಟರ್, ಎರಡನೆಯದರಲ್ಲಿ 6.81.

ಬೆಂಗಳೂರಿನ ಲ್ಯಾಬಿನಲ್ಲಿ ಎರಡೂ ಉಪಯೋಗಕ್ಕೆ ಬರಲ್ಲ. ಊರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ, ಗಾಳಿಯ ಒತ್ತಡ ಸುಮಾರು 910 ಹೆಕ್ಟೋಪಾಸ್ಕಲ್, ಅಂದರೆ 0.9 ಅಟ್ಮಾಸ್ಫಿಯರ್. 25 ಡಿಗ್ರಿಯಲ್ಲಿ ಅದೇ 0.3 ಮೋಲ್ ಸುಮಾರು 8.2 ಲೀಟರ್ ಜಾಗ ಹಿಡಿಯುತ್ತೆ. ಅದನ್ನು 22.4ರಿಂದ ಭಾಗಿಸಿ ತೂಕ ತೆಗೆದರೆ 11.7 ಗ್ರಾಂ ಆಕ್ಸಿಜನ್, ಕ್ಲೋರೇಟಿನಲ್ಲಿ ಇದ್ದದ್ದಕ್ಕಿಂತ ಜಾಸ್ತಿ! ಮಂಗಳೂರಿನಲ್ಲಿ ಇಷ್ಟು ಎಡವಟ್ಟಾಗಲ್ಲ. ನೀರಿನ ಮೇಲೆ ಅನಿಲ ಹಿಡಿದಿದ್ದರೆ 25 ಡಿಗ್ರಿಗೆ ನೀರಾವಿಯ ಒತ್ತಡ ಸುಮಾರು 24 ಮಿಮೀ ಪಾದರಸ ಅಂತ ಕಳೆಯಬೇಕು. ಆ ದಿನದ ಬ್ಯಾರೋಮೀಟರ್ ಓದಿಕೊಂಡು ಅನಿಲ ಸಮೀಕರಣ ಹಾಕೋದೇ ಸರಿ.

ಡಿಗ್ರಿ ಲ್ಯಾಬ್

ಇಳುವರಿ ನೂರು ದಾಟೋ ವಿಷಯ ಬಂದಿದ್ದಕ್ಕೆ ಆಸ್ಪಿರಿನ್ ತಯಾರಿ ನೋಡಿ. 2.0 ಗ್ರಾಂ ಸ್ಯಾಲಿಸಿಲಿಕ್ ಆಮ್ಲ (138.1), 5 ಮಿಲೀ ಅಸಿಟಿಕ್ ಅನ್‌ಹೈಡ್ರೈಡ್, ಕೆಲವು ಹನಿ ಗಂಧಕಾಮ್ಲ. ಅನುಪಾತ 1 : 1. ಆಮ್ಲ 0.01448 ಮೋಲ್, ಆಸ್ಪಿರಿನ್ (180.2) ಗರಿಷ್ಠ 2.61 ಗ್ರಾಂ. ಅನ್‌ಹೈಡ್ರೈಡ್ ಬೇಕಾದ್ದು ಸುಮಾರು 1.4 ಮಿಲೀ, ಹಾಕಿದ್ದು 5. ಆದ್ದರಿಂದ ಇಲ್ಲಿ ಮಿಲೀಯನ್ನೇ ಗ್ರಾಂ ಅಂತ ಓದಿಕೊಂಡರೂ ಉತ್ತರ ಕೆಡಲ್ಲ. ಹೆಚ್ಚಿಗೆ ಇರೋದರಲ್ಲಿ ಮಾಡಿದ ತಪ್ಪು ಉತ್ಪನ್ನಕ್ಕೆ ತಟ್ಟಲ್ಲ, ಮೊದಲು ಮುಗಿಯೋದರ ತೂಕ ಮಾತ್ರ ನಿಖರ ಇರಬೇಕು.

2.9 ಗ್ರಾಂ ಬಂದು "111% ಇಳುವರಿ" ಅಂತ ರೆಕಾರ್ಡಿನಲ್ಲಿ ಬರೆದರೆ ಆ ಹೆಚ್ಚುವರಿ 0.3 ಗ್ರಾಂ ಬಹುಪಾಲು ನೀರು. ಒಣಗಿಸಿ, ಮತ್ತೆ ತೂಗಿ. ಫೆರಿಕ್ ಕ್ಲೋರೈಡ್ ಒಂದು ಹನಿ ಹಾಕಿ ನೇರಳೆ ಬಂದರೆ ಸ್ಯಾಲಿಸಿಲಿಕ್ ಆಮ್ಲ ಇನ್ನೂ ಉಳಿದಿದೆ, ತೂಕ ಪೂರ್ತಿ ಆಸ್ಪಿರಿನ್ನಿನದ್ದಲ್ಲ.

ನಡುವೆ ಅಂಕಿ ಕತ್ತರಿಸಬೇಡಿ. 0.01448ನ್ನು 0.014 ಮಾಡಿದರೆ 2.61 ಹೋಗಿ 2.52 ಆಗುತ್ತೆ. ಸಿಇಟಿಯಲ್ಲಿ ಪಕ್ಕಪಕ್ಕದ ಆಯ್ಕೆಗಳು ಅಷ್ಟೇ ದೂರದಲ್ಲಿರಬಹುದು.

ಪಿಯು_ಕೆಮಿಸ್ಟ್ರಿ

ಇವೆಲ್ಲ ಒಟ್ಟಿಗೆ ಬರೋ ಹಾಗೆ ಟೆಸ್ಟಿಗೆ ಒಂದು ಲೆಕ್ಕ ಮಾಡಿದ್ದೀನಿ, ಯಾರಾದರೂ ತಾಳೆ ನೋಡಿ. 90% ಶುದ್ಧ ಸುಣ್ಣದಕಲ್ಲು 10 ಗ್ರಾಂ, ಅದರ ಮೇಲೆ 1 ಮೋಲಾರ್ (ಲೀಟರಿಗೆ 1 ಮೋಲ್) ಹೈಡ್ರೋಕ್ಲೋರಿಕ್ ಆಮ್ಲ 100 ಮಿಲೀ. ಕಶ್ಮಲ ಆಮ್ಲಕ್ಕೆ ಜಗ್ಗಲ್ಲ ಅಂತ ಇಟ್ಟುಕೊಳ್ಳಿ. ಕಾರ್ಬನ್ ಡೈಆಕ್ಸೈಡ್ ಎಷ್ಟು? ಕರಗದೆ ಉಳಿಯೋ ಘನ ಎಷ್ಟು? ಕ್ಯಾಲ್ಸಿಯಂ ಕ್ಲೋರೈಡ್ ಎಷ್ಟು?

ಮೋಲ್ ಮೇಷ್ಟ್ರು

1 ಕ್ಯಾಲ್ಸಿಯಂ ಕಾರ್ಬೋನೇಟ್ + 2 ಹೈಡ್ರೋಕ್ಲೋರಿಕ್ ಆಮ್ಲ → 1 ಕ್ಯಾಲ್ಸಿಯಂ ಕ್ಲೋರೈಡ್ + 1 ನೀರು + 1 ಕಾರ್ಬನ್ ಡೈಆಕ್ಸೈಡ್

ಕಾರ್ಬೋನೇಟ್ 9 ಗ್ರಾಂ, 0.09 ಮೋಲ್. ಆಮ್ಲ 0.1 ಮೋಲ್, 2ರಿಂದ ಭಾಗಿಸಿದರೆ 0.05. ಮುಗಿಯೋದು ಆಮ್ಲ. ಕಾರ್ಬನ್ ಡೈಆಕ್ಸೈಡ್ 0.05 × 44 = 2.2 ಗ್ರಾಂ. ಕರಗಿದ ಕಾರ್ಬೋನೇಟ್ 5 ಗ್ರಾಂ, ಉಳಿದದ್ದು 4, ಕಶ್ಮಲ 1, ಒಟ್ಟು ಘನ 5 ಗ್ರಾಂ. ಕ್ಯಾಲ್ಸಿಯಂ ಕ್ಲೋರೈಡ್ 0.05 × 111 = 5.55 ಗ್ರಾಂ.

ತಾಳೆ: ಹಾಕಿದ್ದು 10 + 3.65 = 13.65. ಬಂದದ್ದು 2.2 + 5 + 5.55 + 0.9 ನೀರು = 13.65.

ಕೊನೆಯ ಪ್ರಶ್ನೆಯಲ್ಲಿ "ನಿರ್ಜಲ" ಅನ್ನೋ ಪದ ಸೇರಿಸಿ. ದ್ರಾವಣ ಆರಿಸಿ ತೂಗೋ ಮಗು ಸಿಕ್ಕರೆ ಎರಡು ನೀರು ಅಂಟಿದ ಹರಳಿನ ತೂಕ 7.35 ಅಂತ ಬರೆದು, ತನ್ನದೇ ಸರಿ ಅಂತ ಮಾರ್ಕ್ಸ್ ಕೇಳೋಕೆ ಬರುತ್ತೆ.